ನಡು ಮಧ್ಯಾಹ್ನದ ಕೂ

ಪ್ರೇತ ಹುಡುಕುವ ಕೆಲಸಕ್ಕೆ ಬೇಕಾದದ್ದು ಧೈರ್ಯ ಅಂತ ಸಿನಿಮಾ ನೋಡಿದವರೆಲ್ಲ ನಂಬಿದ್ದಾರೆ. ಶುದ್ಧ ಸುಳ್ಳು. ಬೇಕಾದದ್ದು ಗಟ್ಟಿ ಬೆನ್ನು. ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಗಂಟೆಗಟ್ಟಲೆ ಅಲುಗದೆ ಕೂರಬೇಕು. ಸೊಳ್ಳೆ ಕಚ್ಚಿದರೆ ಹೊಡೆಯುವ ಹಾಗಿಲ್ಲ. ಹೊಡೆದರೆ ಆ ಸದ್ದು ರೆಕಾರ್ಡರಿನೊಳಗೆ ಹೋಗಿ ಕೂತು, ಮರುದಿನ ಕೇಳುವಾಗ ಸತ್ತವರೇ ಚಪ್ಪಾಳೆ ತಟ್ಟಿದರೋ ಎಂದು ಮೈ ಜುಮ್ಮೆನ್ನುತ್ತದೆ. ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲ, ಬಿಳಿ ಸೀರೆಯ ಹೆಂಗಸು ಬರುವುದಿಲ್ಲ. ಬರುವುದು ನಿದ್ದೆ ಒಂದೇ. ಫರಂಗಿಪೇಟೆಯ ಶೋಧನ್ ಶೆಟ್ಟಿಗೆ ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಕೂತು ಕೂತು ಕಲಿತದ್ದು.

ಹೊಟ್ಟೆಪಾಡಿಗೆ ಅವನಿಗೆ ಹೆದ್ದಾರಿಯ ಬದಿಯಲ್ಲಿ ಸಿಸಿಟಿವಿ ಕ್ಯಾಮೆರಾದ ಅಂಗಡಿ ಇತ್ತು. ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದವನು. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಬಂಟ್ವಾಳದ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದುಕೊಂಡು, ಬಿಡುವಾದಾಗಲೆಲ್ಲ ಊರೂರು ಸುತ್ತಿ ಕುಲೆ ಹುಡುಕುತ್ತಿದ್ದ. ಸತ್ತವರು ಹೋಗಬೇಕಾದಲ್ಲಿಗೆ ಹೋಗದೆ ಉಳಿದುಬಿಟ್ಟರೆ ಆ ಕಡೆ ಅವರನ್ನು ಕುಲೆ ಅನ್ನುತ್ತಾರೆ. ಪಕ್ಕದ ಮೊಬೈಲ್ ಅಂಗಡಿಯ ಇರ್ಷಾದ್ ಇವನನ್ನು ಕರೆಯುತ್ತಿದ್ದದ್ದೇ "ಕುಲೆ ಡಾಕ್ಟ್ರೇ" ಅಂತ. "ಬದುಕಿದವರ ಮನೆಗೂ ಒಮ್ಮೆ ಹೋಗಿ ಬನ್ನಿ ಮಾರಾಯ್ರೆ, ಹುಡುಗಿ ನೋಡ್ಲಿಕ್ಕೆ" ಎಂದು ಚುಚ್ಚುತ್ತಿದ್ದ. ಶೋಧನ್ ನಕ್ಕು ಬಿಡುತ್ತಿದ್ದ.

ಇಷ್ಟು ವರ್ಷಗಳಲ್ಲಿ ಸಿಕ್ಕಿದ್ದಾದರೂ ಏನು? ಮೂಡುಬಿದಿರೆಯ ಹಳೆಯ ಮನೆಯೊಂದರ ಅಟ್ಟದಲ್ಲಿ ಗೆಜ್ಜೆ ಸದ್ದು ಕೇಳುತ್ತದೆಂದು ಮನೆಮಂದಿಯೆಲ್ಲ ಜಗಲಿಯಲ್ಲಿ ಮಲಗುತ್ತಿದ್ದರು. ಇವನು ಹೋಗಿ ನೋಡಿದರೆ, ಯಕ್ಷಗಾನದ ವೇಷದ ಪೆಟ್ಟಿಗೆಯೊಳಗೆ ಇಲಿ ಮರಿ ಹಾಕಿತ್ತು. ಬೆಟ್ಟ ಅಗೆದು ಇಲಿ ಹಿಡಿದದ್ದು ಅನ್ನುತ್ತಾರಲ್ಲ, ಅವನ ಪಾಲಿಗೆ ಅದು ಗಾದೆಯಾಗಿ ಉಳಿಯಲಿಲ್ಲ. ಸಿದ್ಧಕಟ್ಟೆಯಲ್ಲಿ ಬಾವಿಕಟ್ಟೆಯ ಹತ್ತಿರ ಅಳುತ್ತಿದ್ದ ಹೆಂಗಸು ಕೊನೆಗೆ ಪಂಪಿನ ಸವೆದ ಬೇರಿಂಗ್ ಆಗಿ ಹೊರಬಂದಳು. ಕುಲೆ ಇಲ್ಲ ಅಂದರೆ ಜನ ಖುಷಿಪಡುತ್ತಾರೆಂದು ನೀವು ತಿಳಿದಿದ್ದರೆ ಅದೂ ಸಿನಿಮಾದಿಂದ ಬಂದ ಬುದ್ಧಿಯೇ. ಇಲ್ಲ ಅಂದಾಕ್ಷಣ ಅವರ ಮುಖ ಇಳಿಯುತ್ತದೆ. ಚಹಾ ಕೊಡುವುದನ್ನೂ ಮರೆಯುತ್ತಾರೆ.

ಶೋಧನನಿಗೆ ಮಾತ್ರ ಅವರೆಲ್ಲರಿಗಿಂತ ಹೆಚ್ಚು ಬೇಸರವಾಗುತ್ತಿತ್ತು, ಅದಕ್ಕೆ ಕಾರಣವೂ ಇತ್ತು. ಅವನು ಗಲ್ಫಿನಲ್ಲಿದ್ದಾಗ ಅಪ್ಪ ತೀರಿಕೊಂಡ. ರಜೆ ಸಿಕ್ಕಿ ಊರಿಗೆ ಮುಟ್ಟುವಾಗ ಚಿತೆಯ ಬೂದಿಯೂ ಆರಿತ್ತು. ಆ ವರ್ಷದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮದಂತೆ ಎಲೆ ಹಾಕಿ, ಅಪ್ಪನಿಗೆ ಇಷ್ಟದ ಕೋಳಿ ಸಾರು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾದರು. ಬಾಗಿಲು ತೆರೆದಾಗ ಅಮ್ಮ ಅನ್ನದ ಮೇಲೆ ಬೆರಳ ಗುರುತು ಕಂಡಳು. ಅಕ್ಕನಿಗೆ ಬೀಡಿಯ ವಾಸನೆ ಬಂತು. ಸಣ್ಣ ಭಾವನಿಗೂ ಭುಜದ ಮೇಲೆ ಕೈ ಇಟ್ಟ ಹಾಗಾಯಿತಂತೆ. ಶೋಧನನಿಗೆ ಕಂಡದ್ದು ಅನ್ನ, ಬಂದದ್ದು ಕೋಳಿ ಸಾರಿನ ವಾಸನೆ. ಭಾವನ ಭುಜಕ್ಕೆ ಕೈ ಇಟ್ಟ ಅಪ್ಪ ಮಗನ ಹತ್ತಿರ ಬರಲಿಲ್ಲವಲ್ಲ ಎಂಬ ಸಂಕಟ ಅವನನ್ನು ಅಂದಿನಿಂದ ಬಿಡಲಿಲ್ಲ. ಸಿನಿಮಾದವರು ಸತ್ತವರು ಬಂದಾರೆಂದು ಹೆದರುತ್ತಾರೆ. ಇವನ ಹೆದರಿಕೆ ಯಾರೂ ಬರಲಿಕ್ಕಿಲ್ಲ ಎಂಬುದು. ಎಲ್ಲೋ ಒಂದು ಕಡೆ, ಒಂದೇ ಒಂದು ಸಲ, ಯಾರದ್ದಾದರೂ ಸರಿ, ನಿಜವಾದ ಸುಳಿವು ಸಿಕ್ಕರೆ ಅಪ್ಪನೂ ಎಲ್ಲೋ ಇದ್ದಾನೆಂದು ಧೈರ್ಯ ತಂದುಕೊಳ್ಳಬಹುದಿತ್ತು.

ಬೆಳ್ತಂಗಡಿಯ ಆಚೆ ಕಕ್ಕಿಂಜೆಯಿಂದ ಚಿನ್ನಯ್ಯ ಫೋನು ಮಾಡಿದ್ದು ರಬ್ಬರ್ ಎಲೆಗಳೆಲ್ಲ ಉದುರಿ ಬಿಸಿಲು ಏರಿದ್ದ ಹೊತ್ತಿನಲ್ಲಿ. ಹಿಂದೊಮ್ಮೆ ಚಿನ್ನಯ್ಯನ ರಬ್ಬರ್ ಶೀಟು ಕಳವಾಗುತ್ತಿದ್ದಾಗ ಶೋಧನ್ ಕ್ಯಾಮೆರಾ ಹಾಕಿಕೊಟ್ಟಿದ್ದ, ಕಳ್ಳ ಸಿಕ್ಕಿಬಿದ್ದಿದ್ದ. ಅಂದಿನಿಂದ ಚಿನ್ನಯ್ಯನಿಗೆ ಮಿಷನ್ ಅಂದರೆ ದೇವರ ಮಾತು.

"ಅಣ್ಣ ಹೋಗಿ ವರ್ಷ ಆಯ್ತಲ್ಲ," ಎಂದ ಚಿನ್ನಯ್ಯ. "ಅತ್ತಿಗೆಗೆ ಮಧ್ಯಾಹ್ನ ಆದ್ರೆ ಅಣ್ಣನ ಕೂ ಕೇಳ್ತದಂತೆ. ಕೇಳ್ಲಿ ಅಂತ ಬಿಟ್ಟೆ. ಈಗ ಅವರು ತಿರುಗಿ ಕೂ ಹಾಕ್ಲಿಕ್ಕೆ ಶುರು ಮಾಡಿದ್ದಾರೆ. ಕೆಲಸದವರು ಹೆದರಿ ಗುಡ್ಡಕ್ಕೆ ಬರುವುದಿಲ್ಲ. ನೀವೊಮ್ಮೆ ಬಂದು ಮಿಷನ್ ಇಟ್ಟು ನೋಡಿ."

ಕೂ ಎಂದರೆ ಆ ಗುಡ್ಡದ ಕಡೆಯ ಕರೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಇಳಿಜಾರು, ನೀರಿನ ತೋಡು, ಕಾಡು. ಹೆಸರು ಹಿಡಿದು ಕರೆದರೆ ಅರ್ಧದಲ್ಲೇ ಹರಿದುಹೋಗುತ್ತದೆ. ಬಾಯಿಗೆ ಕೈ ಆನಿಸಿ ಉದ್ದಕ್ಕೆ ಒಂದು ಕೂ ಹಾಕಿದರೆ ಆಚೆ ಬದಿಯವರೆಗೆ ಮುಟ್ಟುತ್ತದೆ, ಕೇಳಿಸಿಕೊಂಡವರು ತಿರುಗಿ ಕೂ ಅನ್ನಬೇಕು. ಆದರೆ ಒಂದು ನಿಯಮವಿದೆ. ಉರಿ ಮಧ್ಯಾಹ್ನದಲ್ಲಿ ಒಂದೇ ಸಲ ಬಂದ ಕೂಗಿಗೆ ಓಗೊಡಬಾರದು. ಮನುಷ್ಯನಾದರೆ ಮತ್ತೆ ಕೂಗುತ್ತಾನೆ. ಕುಲೆಗೆ ಎರಡನೆಯ ಸಲ ಕೂಗಲು ಆಗುವುದಿಲ್ಲ.

ಶೋಧನ್ ತನ್ನ ಬ್ಯಾಗು ಹಾಕಿಕೊಂಡು ಬೈಕು ಹತ್ತಿದ. ರೆಕಾರ್ಡರು, ಗಾಳಿಯಲ್ಲಿ ಕರೆಂಟಿನ ಸುಳಿವು ಹಿಡಿಯುವ ಮೀಟರು, ಶಾಖ ತೋರಿಸುವ ಸಣ್ಣ ಕ್ಯಾಮೆರಾ, ಅಷ್ಟೆ. ಮಣ್ಣಿನ ದಾರಿ ಹತ್ತಿದರೆ ಕೆಳಗೆ ಚಿನ್ನಯ್ಯನ ಮನೆ, ಮೇಲೆ ರಬ್ಬರ್ ಗುಡ್ಡಕ್ಕೆ ತಾಗಿ ಅವನ ಅಣ್ಣ ಡೊಂಬಯ್ಯನ ಮನೆ. ಡೊಂಬಯ್ಯನ ಹೆಂಡತಿ ವಾರಿಜಾಕ್ಷಿ ಅಂಗಳದಲ್ಲಿ ನಿಂತಿದ್ದರು. ಐವತ್ತೈದರ ಆಸುಪಾಸು, ಗಟ್ಟಿ ಆಳು, ಬಂದವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಒಳಗೆ ಕುಳ್ಳಿರಿಸಿ ನೀರು ಬೆಲ್ಲ ಕೊಟ್ಟರು. ಹುಚ್ಚಿನ ಸುಳಿವೂ ಅವರಲ್ಲಿ ಕಾಣಲಿಲ್ಲ.

ಮಾತುಕತೆ ಚಿನ್ನಯ್ಯನ ಎದುರೇ ಆಯಿತು. ಅವನ ಲೆಕ್ಕ ಸೀದಾ ಇತ್ತು. ಮಿಷನಿನಲ್ಲಿ ಅಣ್ಣನ ಸ್ವರ ಸಿಕ್ಕರೆ, ಅಥವಾ ಅತ್ತಿಗೆ ಓಗೊಟ್ಟದ್ದು ಸಿಕ್ಕರೂ ಸಾಕು, ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿ, ಅಣ್ಣನನ್ನು ಗಟ್ಟಿಯಾಗಿ ಹದಿನಾರಕ್ಕೆ ಸೇರಿಸಿಬಿಡುವುದು. ಮನೆತನದಲ್ಲಿ ಹಿಂದೆ ಸತ್ತವರೆಲ್ಲರ ಸಾಲಿಗೆ ಅವರು ಹದಿನಾರು ಎಂದೇ ಹೇಳುತ್ತಾರೆ. ಆ ಸಾಲಿಗೆ ಸೇರಿದವನಿಗೆ ಒಂಟಿ ತಿರುಗಾಟವಿಲ್ಲ. ವರ್ಷಕ್ಕೊಮ್ಮೆ ಎಲ್ಲರ ಜೊತೆ ಬಂದು ಎಲೆಯ ಮುಂದೆ ಕೂತು ಉಂಡು ಹೋಗುವುದಷ್ಟೆ, ಹೆಸರು ಹಿಡಿದು ಅವನೊಬ್ಬನನ್ನೇ ಕರೆಯುವಂತಿಲ್ಲ.

"ನನಗೇನು ಅಣ್ಣನ ಮೇಲೆ ದ್ವೇಷವಾ?" ಎಂದ ಚಿನ್ನಯ್ಯ. "ಬೊಜ್ಜದ ದಿನ, ಉತ್ತರಕ್ರಿಯೆಯಲ್ಲೇ ಸೇರಿಸಿದ್ದೇವೆ, ಸೇರಿಲ್ಲ ಅಂತ ಕಾಣ್ತದೆ. ಈ ಬಿಸಿಲಿಗೆ ಒಬ್ಬನೇ ಗುಡ್ಡದಲ್ಲಿ ಅಲೆಯುವುದು ಅಂದ್ರೆ ಎಂತದು? ಹಸಿವು ಬಾಯಾರಿಕೆ ಇಲ್ವಾ ಅವನಿಗೆ? ಒಂದು ವಾರ ಇಟ್ಟು ನೋಡಿ, ಮಿಷನಿನಲ್ಲಿ ಏನೂ ಇಲ್ಲ ಅಂತ ಆದ್ರೆ ನಾನು ಸುಮ್ಮನಾಗ್ತೇನೆ. ಮತ್ತೆ ಬಾಯಿ ತೆರೆಯುವುದಿಲ್ಲ."

ಮೂಡುಬಿದಿರೆಯ ಶಾಲೆಯೊಂದರಲ್ಲಿ ಟೀಚರಾಗಿರುವ ವಾರಿಜಕ್ಕನ ಮಗಳು ವಿಸ್ಮಿತಾ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಳು, "ಅಮ್ಮ, ಅವರು ಬಂದು ಹೋಗುವವರೆಗೆ ನೀವು ಓಗೊಡದಿದ್ದರೆ ಸಾಕು." ಚಿನ್ನಯ್ಯ ಇಳಿದುಹೋದ ಮೇಲೆ ವಾರಿಜಕ್ಕ ಶೋಧನನ ಹತ್ತಿರ ಬಂದು ನಿಂತು ಕೇಳಿದ್ದು ಒಂದೇ ಮಾತು. "ನಿಮ್ಮ ಮಿಷನ್ ಮನುಷ್ಯರಿಗೆ ಕೇಳದ್ದನ್ನೂ ಕೇಳ್ತದಾ?"

"ಕೇಳ್ತದೆ ಅಂತ ಹೇಳ್ತಾರೆ ಅಕ್ಕ. ಇಷ್ಟರವರೆಗೆ ನನ್ನ ಮಿಷನಿಗೆ ಕೇಳಿದ್ದು ಇಲಿ ಮಾತ್ರ."

ಅವರು ನಗಲಿಲ್ಲ. ಅವರ ಭಯ ಏನೆಂದು ಶೋಧನನಿಗೆ ಆಗ ಹೊಳೆಯಿತು. ಇಷ್ಟು ವರ್ಷ ಅವನನ್ನು ಕರೆಸಿದವರೆಲ್ಲ ಕುಲೆ ಸಿಗಲಿ ಎಂದೋ ಹೋಗಲಿ ಎಂದೋ ಬಯಸಿದವರು. ಇವರಿಗೆ ಕುಲೆ ಇರಬೇಕು, ಆದರೆ ಸಿಗಬಾರದು.

ಮಾರನೆಯ ದಿನದಿಂದ ಶೋಧನ್ ಬೆಳಿಗ್ಗೆ ಅಂಗಡಿ ತೆರೆದು, ಇರ್ಷಾದನಿಗೆ ಕೀಲಿ ಕೊಟ್ಟು, ಬಿಸಿಲೇರುವ ಹೊತ್ತಿಗೆ ಕಕ್ಕಿಂಜೆಯ ಗುಡ್ಡದಲ್ಲಿರುತ್ತಿದ್ದ. ಜಗಲಿಯಲ್ಲಿ ರೆಕಾರ್ಡರಿಟ್ಟು, ಫ್ರಿಜ್ಜು ಫ್ಯಾನು ಆರಿಸಿ, ಕುರ್ಚಿ ಎಳೆದು ಕೂರುತ್ತಿದ್ದ. ಈ ಕೆಲಸದಲ್ಲಿ ಒಂದು ಕ್ರಮವಿದೆ. ತನ್ನಿಂದ ಆದ ಸದ್ದು ಯಾವುದೇ ಇರಲಿ, ಆದ ಕೂಡಲೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಕೇಳುವಾಗ ಯಾವುದು ಸತ್ತವರದ್ದು ಯಾವುದು ಬದುಕಿದವರದ್ದು ಎಂದು ತಿಳಿಯುವುದಿಲ್ಲ. ಹಾಗಾಗಿ ಆ ಜಗಲಿಯಲ್ಲಿ ಆಗಾಗ ಅವನ ಸ್ವರ ಏಳುತ್ತಿತ್ತು. "ಇದು ನನ್ನ ಕೆಮ್ಮು." "ಇದು ಕುರ್ಚಿ." "ಇದು ನನ್ನ ಹೊಟ್ಟೆ."

ಮೂರನೆಯದನ್ನು ಕೇಳಿ ವಾರಿಜಕ್ಕ ಮೊದಲ ಸಲ ನಕ್ಕರು. ಒಳಗೆ ಹೋಗಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಉಪ್ಪುನೀರಿನ ಮಾವಿನಕಾಯಿ ತಂದಿಟ್ಟರು. "ಹೊಟ್ಟೆಯದ್ದು ರೆಕಾರ್ಡ್ ಆಗುವುದು ಬೇಡ, ಊಟ ಮಾಡಿ" ಅಂದರು.

ಆ ಗಂಜಿಯ ರುಚಿ ಶೋಧನನಿಗೆ ಹಿಡಿದುಬಿಟ್ಟಿತು. ಹೋಟೆಲಿನ ಊಟ ಉಂಡು ಉಂಡು ನಾಲಿಗೆ ಸತ್ತವನಿಗೆ, ಎದುರು ಕೂತು "ಇನ್ನೊಂದು ಸೌಟು" ಅನ್ನುವ ಮನುಷ್ಯರೂ ಇರುತ್ತಾರೆಂಬುದು ಮರೆತೇ ಹೋಗಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಅವನು ಕುಲೆಗಾಗಿ ಬರುತ್ತಿದ್ದಾನೋ ಗಂಜಿಗಾಗಿಯೋ ಅವನಿಗೇ ಗೊತ್ತಿರಲಿಲ್ಲ. ಮೀಟರಿನ ಮುಳ್ಳು ಅಲುಗಲಿಲ್ಲ, ರೆಕಾರ್ಡರಿನಲ್ಲಿ ಕೆಂಬೂತ ಹಕ್ಕಿಯ ಗುಟುರು ಬಿಟ್ಟರೆ ಬೇರೇನೂ ಸಿಗಲಿಲ್ಲ. ಆದರೂ ಬಂಟ್ವಾಳಕ್ಕೆ ಹಿಂದಿರುಗಿ ಬಾಡಿಗೆ ಮನೆಯ ಬೀಗ ತೆಗೆಯುವಾಗ ಅವನ ಮನಸ್ಸು ಮರುದಿನದ ಮಧ್ಯಾಹ್ನವನ್ನೇ ಎಣಿಸುತ್ತಿತ್ತು.

ಕೂತಲ್ಲಿ ಮಾತು ಬೆಳೆಯಿತು. ಡೊಂಬಯ್ಯ ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿ ರಬ್ಬರ್ ಮರ ಕೆತ್ತಿ, ಬಿಸಿಲೇರುವಾಗ ಅದರ ಹಾಲು ಕೂಡಿಸಿಕೊಂಡು ಇಳಿಯುತ್ತಿದ್ದ ಮನುಷ್ಯ. ಇಳಿಯುವ ಮುಂಚೆ ಮೇಲಿನ ಬಂಡೆಯ ಹತ್ತಿರ ನಿಂತು ಒಂದು ಕೂ ಹಾಕುತ್ತಿದ್ದ. ಇವರು ತಿರುಗಿ ಕೂ ಅಂದರೆ ಗಂಜಿ ಬಡಿಸಿದೆ, ಬಾ ಎಂದು ಅರ್ಥ.

"ಒಂದೇ ಸಲ ಹಾಕುವುದು. ಎರಡನೇ ಸಲ ಹಾಕ್ಲಿಕ್ಕೆ ಅವರಿಗೆ ಸೋಮಾರಿತನ," ಎಂದರು ವಾರಿಜಕ್ಕ. "ನಾನು ಒಮ್ಮೆ ದನದ ಹಟ್ಟಿಯಲ್ಲಿದ್ದೆ, ಕೇಳ್ಲಿಲ್ಲ. ಹೊತ್ತು ಇಳಿಯುವವರೆಗೆ ಬರ್ಲೇ ಇಲ್ಲ. ಹೋಗಿ ನೋಡಿದ್ರೆ ಬಂಡೆಯ ಹತ್ತಿರ ಬಕೆಟ್ ಹಿಡಿದುಕೊಂಡು ನಿಂತಿದ್ದಾರೆ! ಯಾಕೆ ಅಂದ್ರೆ, ನೀನು ಕೂ ಹಾಕ್ಲಿಲ್ಲ ಅಲ್ವಾ ಅಂದ್ರು. ಅಂಥ ಜನ."

ಶೋಧನ್ ತನ್ನ ಅಪ್ಪನ ಕಥೆ ಹೇಳಿದ್ದೂ ಅಲ್ಲೇ. ಯಾರಿಗೂ ಹೇಳಿರಲಿಲ್ಲ, ಇರ್ಷಾದನಿಗೂ ಹೇಳಿರಲಿಲ್ಲ. ಅನ್ನದ ಮೇಲಿನ ಬೆರಳ ಗುರುತು, ಬೀಡಿಯ ವಾಸನೆ, ಭಾವನ ಭುಜ, ಎಲ್ಲ ಹೇಳಿ, "ಊರಿನ ಮನೆಯಲ್ಲಿ ಎಷ್ಟೋ ಸಲ ಮೀಟರ್ ಇಟ್ಟು ನೋಡಿದ್ದೇನೆ ಅಕ್ಕ. ಒಮ್ಮೆಯೂ ಅಲುಗಲಿಲ್ಲ" ಅಂದ.

"ಅಪ್ಪನನ್ನು ಕರೆದಿದ್ದೀರಾ?"

"ರೆಕಾರ್ಡರ್ ಸಹ ಇಟ್ಟಿದ್ದೆ."

"ಕರೆದಿದ್ದೀರಾ ಅಂತ ಕೇಳಿದ್ದು."

ವಾರಿಜಕ್ಕ ಕಟುವಾಗಿ ಹೇಳಿರಲಿಲ್ಲ, ಆದರೂ ಅವನಿಗೆ ತಾಗಿತು. ಬಟ್ಟಲಿನ ಗಂಜಿಯನ್ನು ಕಲಸುತ್ತ ಹೊತ್ತು ಕಳೆದ.

ಚಿನ್ನಯ್ಯ ಕೊಟ್ಟ ಗಡುವಿನ ಕೊನೆಯ ದಿನ ಬಂತು. ಗುಡ್ಡದಲ್ಲಿ ಎಲೆಯಿಲ್ಲದ ರಬ್ಬರ್ ಮರಗಳು, ನೆಲದಲ್ಲಿ ಒಣ ಎಲೆಯ ರಾಶಿ, ಅಂಗಳದಲ್ಲಿ ಕಣ್ಣು ಬಿಡಲಾಗದ ಬಿಸಿಲು. ಕೋಳಿಗಳೂ ನೆರಳು ಹಿಡಿದಿದ್ದವು. ಶೋಧನ್ ಕುರ್ಚಿಯಲ್ಲಿದ್ದ, ವಾರಿಜಕ್ಕ ಮೆಟ್ಟಿಲಿನಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು.

ಇದ್ದಕ್ಕಿದ್ದಂತೆ ಅವರ ಕೈ ನಿಂತಿತು.

ಶೋಧನ್ ಕಿವಿಗೊಟ್ಟ. ಏನೂ ಇಲ್ಲ. ಗಾಳಿಯೂ ಇಲ್ಲ. ಮೀಟರ್ ನೋಡಿದ, ಅದು ಸತ್ತ ಹಾಗೆ ಬಿದ್ದಿತ್ತು. ಮತ್ತೆ ವಾರಿಜಕ್ಕನನ್ನು ನೋಡಿದ. ಅವರ ಮುಖ ಬಂಡೆಯ ಕಡೆಗೆ ತಿರುಗಿತ್ತು. ಬಲಗೈ ತಾನಾಗಿ ಬಾಯಿಯ ಹತ್ತಿರ ಹೋಯಿತು, ಎದೆ ಉಸಿರು ತುಂಬಿಕೊಂಡು ಏರಿತು. ಅಷ್ಟರಲ್ಲಿ ಕಣ್ಣು ಆ ಕೆಂಪು ದೀಪದ ಮೇಲೆ ಬಿತ್ತು. ಕೈಯನ್ನು ಇಳಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಳೆದುಕೊಂಡ ಉಸಿರನ್ನು ಬಿಡಲಾರದೆ ಗಂಟಲು ಏರಿ ಇಳಿಯಿತು, ಕಣ್ಣಿನಿಂದ ನೀರು ಸುರಿಯಿತು, ಸಣ್ಣ ಸದ್ದೂ ಹೊರಬೀಳಲಿಲ್ಲ. ಅವರಿಗೆ ಅವರ ಗಂಡ ಬೇಕು, ಅದಕ್ಕೇ ಗಂಡನಿಗೆ ಓಗೊಡದೆ ಕೂತಿದ್ದರು.

ಶೋಧನನಿಗೆ ಅಸೂಯೆಯಾಯಿತು ಅಂದರೆ ನಂಬಬೇಕು. ಇಲ್ಲಿಯೂ, ಇಷ್ಟು ಹತ್ತಿರ ಕೂತಿದ್ದರೂ, ತನಗೆ ಕೇಳಲಿಲ್ಲ. ಆದರೆ ಆ ಅಸೂಯೆ ನಿಂತದ್ದು ಒಂದು ಗಳಿಗೆ ಮಾತ್ರ. ಮೇಲೆ ಬಂಡೆಯ ಹತ್ತಿರ ಬಕೆಟ್ ಹಿಡಿದು, ಮನೆಯಿಂದ ಉತ್ತರ ಬಾರದೆ, ಬಿಸಿಲಿನಲ್ಲಿ ನಿಂತುಬಿಟ್ಟ ಮನುಷ್ಯನೊಬ್ಬ ಅವನ ಕಣ್ಣೆದುರು ಬಂದ. ಹೊತ್ತು ಇಳಿಯುವವರೆಗೆ ನಿಲ್ಲುವ ಮನುಷ್ಯ, ಅಂಥ ಜನ. ಶೋಧನ್ ಎದ್ದು ಅಂಗಳಕ್ಕೆ ಇಳಿದ. ಎರಡೂ ಕೈ ಬಾಯಿಗೆ ಆನಿಸಿ ಗುಡ್ಡದ ಕಡೆ ತಿರುಗಿ ಕೂ ಹಾಕಿದ. ಪೇಟೆಯಲ್ಲಿ ಬೆಳೆದವನ ಕೂ, ನಡುವಿನಲ್ಲಿ ಒಡೆದುಹೋಯಿತು. ಆದರೂ ಬಂಡೆಯವರೆಗೆ ಮುಟ್ಟುವಷ್ಟು ಇತ್ತು.

ತಿರುಗಿ ಜಗಲಿಗೆ ಬಂದು ರೆಕಾರ್ಡರಿನ ಹತ್ತಿರ ಬಗ್ಗಿ, "ಇದು ನಾನು, ಶೋಧನ್" ಎಂದ. ಅವನ ಸ್ವರ ಅವನಿಗೇ ಗುರುತು ಸಿಗಲಿಲ್ಲ.

ವಾರಿಜಕ್ಕ ಅವನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಕೃತಜ್ಞತೆ ಇತ್ತೋ ಗಾಬರಿಯೋ ಅವನಿಗೆ ತಿಳಿಯಲಿಲ್ಲ. ಹುಣಸೆಹಣ್ಣಿನ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಆ ದಿನ ಗಂಜಿಗೆ ಕರೆಯಲಿಲ್ಲ. ಶೋಧನನಿಗೂ ಅವರ ಮುಖ ನೋಡುವ ಧೈರ್ಯ ಸಾಲದೆ, ಸಾಮಾನು ಕಟ್ಟಿ, ಹೇಳದೆ ಕೇಳದೆ ಹಿತ್ತಿಲಿನ ಕಾಲುದಾರಿ ಹಿಡಿದು ಚಿನ್ನಯ್ಯನ ಮನೆಗೆ ಇಳಿದ. ಬೈಕು ಅಲ್ಲೇ ಇತ್ತು.

ಚಿನ್ನಯ್ಯ ರೆಕಾರ್ಡಿಂಗ್ ಪೂರ್ತಿ ಕೇಳಿದ. ಕೂ ಬಂದಲ್ಲಿ ನೆಟ್ಟಗೆ ಕೂತ. "ನೀವು ಯಾಕೆ ಕೂ ಹಾಕಿದ್ದು?"

"ಪರೀಕ್ಷೆಗೆ ಚಿನ್ನಯ್ಯಣ್ಣ. ಯಾರಾದ್ರೂ ಓಗೊಡ್ತಾರಾ ಅಂತ."

"ಓಗೊಟ್ಟರಾ?"

"ಇಲ್ಲ. ಏನೂ ಇಲ್ಲ ಅಲ್ಲಿ."

ಚಿನ್ನಯ್ಯ ರೆಕಾರ್ಡರನ್ನು ಮೆಲ್ಲಗೆ ಹಿಂದಕ್ಕೆ ಕೊಟ್ಟ. ಆಮೇಲೆ ಹೆಗಲ ಬೈರಾಸು ಟವಲಿನಿಂದ ಕಣ್ಣು ಒರೆಸಿಕೊಂಡು, "ಹಾಗಾದ್ರೆ ಅಣ್ಣ ಮುಟ್ಟಬೇಕಾದಲ್ಲಿಗೆ ಮುಟ್ಟಿದ್ದಾನೆ" ಎಂದ. "ಅಷ್ಟು ಗೊತ್ತಾದ್ರೆ ಸಾಕು ನನಗೆ." ಕೊಟ್ಟ ಮಾತಿನಂತೆ ಅವನು ಜೋಯಿಸರ ಸುದ್ದಿ ಬಿಟ್ಟ.

ಶೋಧನ್ ಫರಂಗಿಪೇಟೆಗೆ ಹಿಂದಿರುಗಿ ಮೊದಲಿನಂತೆ ಅಂಗಡಿಯಲ್ಲಿ ಕೂತ. ಮಧ್ಯಾಹ್ನವಾದರೆ ಹೋಟೆಲಿಗೆ ಹೋಗುವ ಮನಸ್ಸಾಗುತ್ತಿರಲಿಲ್ಲ. ಒಮ್ಮೆ ಅಲ್ಲಿಗೆ ಸುಮ್ಮನೆ ಹೋಗಿ ಬರುವ ಎನಿಸುತ್ತಿತ್ತು, ಯಾವ ನೆವ ಹೇಳಿ ಹೋಗುವುದೆಂದು ತಿಳಿಯದೆ ಸುಮ್ಮನಾಗುತ್ತಿದ್ದ. ಹಾಗಿರುವಾಗ ವಾರಿಜಕ್ಕನದೇ ಫೋನು ಬಂತು.

"ಅವರು ಈಗ ಕೂ ಹಾಕುವುದಿಲ್ಲ," ಎಂದರು. ಮೊದಲು ಹೇಳಿದ್ದು ಅದನ್ನೇ, ಹೇಗಿದ್ದೀರಿ ಎಂದೂ ಕೇಳಲಿಲ್ಲ. "ನೀವು ಬಂದು ಹೋದ ದಿನವೇ ಕೊನೆ."

"ಅಕ್ಕ, ನಾನು ಅವರು ಅಲ್ಲೇ ನಿಲ್ಲುವುದು ಬೇಡ ಅಂತ..."

"ಗೊತ್ತುಂಟು. ನೀವು ಒಳ್ಳೆಯದಕ್ಕೇ ಮಾಡಿದ್ದು. ಆದ್ರೆ ಮನೆಯಿಂದ ಗಂಡಸಿನ ಸ್ವರ ಬಂತಲ್ಲ ಅವರಿಗೆ? ನೆಂಟರು ಬಂದಿದ್ದಾರೆ ಅಂತ ತಿಳಿದಿದ್ದಾರೆ. ನೆಂಟರಿದ್ರೆ ಅವರು ಮನೆಗೆ ಬರುವವರಲ್ಲ, ಮೈಯೆಲ್ಲ ರಬ್ಬರ್ ಹಾಲು, ಹರಿದ ಅಂಗಿ. ಬಂದವರು ಹೋಗುವವರೆಗೆ ಗುಡ್ಡದಲ್ಲೇ ಕೂರುವುದು, ಮೊದಲಿನಿಂದಲೂ ಹಾಗೆಯೇ. ಸಂಕೋಚದ ಜನ." ಮತ್ತೆ ಹೇಳಿದರು, "ನೀವು ಹಿತ್ತಿಲಿನ ದಾರಿಯಲ್ಲಿ ಹೋದ್ರಿ. ಹೋದದ್ದು ಅವರಿಗೆ ಗೊತ್ತಾಗ್ಲಿಲ್ಲ. ಇನ್ನೂ ಕಾಯ್ತಾ ಇದ್ದಾರೆ."

ಇಷ್ಟು ವರ್ಷ ಕಾದ ಸುಳಿವು ಶೋಧನನಿಗೆ ಸಿಕ್ಕಿದ್ದು ಹಾಗೆ. ಸತ್ತವನೊಬ್ಬ ಅವನ ಸ್ವರ ಕೇಳಿಸಿಕೊಂಡಿದ್ದ, ಕೇಳಿಸಿಕೊಂಡು ದೂರ ನಿಂತಿದ್ದ. ರೆಕಾರ್ಡರಿನಲ್ಲಿ ತೋರಿಸಲು ಏನೂ ಇರಲಿಲ್ಲ. ಆದರೂ ಅವನು ಇದನ್ನು ಒಂದು ಚೂರೂ ಅನುಮಾನಿಸಲಿಲ್ಲ, ಅದೇ ಅವನಿಗೆ ಆಶ್ಚರ್ಯ.

"ನಾನು ಈಗ ಎಂತ ಮಾಡ್ಬೇಕು ಅಕ್ಕ?"

"ಒಮ್ಮೆ ಬನ್ನಿ. ಬಂದು, ಅವರಿಗೆ ಗೊತ್ತಾಗುವ ಹಾಗೆ ಹೋಗಿ."

ಮರುದಿನ ಅವನು ಬ್ಯಾಗು ಒಯ್ಯಲಿಲ್ಲ. ಬೈಕನ್ನು ಈ ಸಲ ಮೇಲಿನ ಅಂಗಳದವರೆಗೂ ಏರಿಸಿದ. ವಾರಿಜಕ್ಕ ಹೊಸ್ತಿಲಿನಲ್ಲಿ ನಿಂತಿದ್ದರು. ಮೈ ಇಳಿದಿತ್ತು, ಕಣ್ಣು ಒಳಗೆ ಹೋಗಿತ್ತು. ಒಳಗಿನಿಂದ ಹುರುಳಿ ಚಟ್ನಿಯ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಕೂತುಕೊಳ್ಳಿ ಅಂತ ಹೇಳುವುದಿಲ್ಲ ನಾನು," ಎಂದರು, ತಲೆ ತಗ್ಗಿಸಿ. "ಗಂಜಿ ಕೊಟ್ರೆ ಮತ್ತೆ ನೆಂಟರು ಕೂತ ಹಾಗೆಯೇ ಆಗ್ತದೆ. ನನ್ನ ಮೇಲೆ ಬೇಸರ ಮಾಡ್ಬೇಡಿ."

"ಇಲ್ಲ ಅಕ್ಕ."

"ಗುಡ್ಡದ ಕಡೆ ತಿರುಗಿ ಗಟ್ಟಿಯಾಗಿ ಹೇಳಿ. ಮತ್ತೆ... ಬರ್ತೇನೆ ಅಂತ ಹೇಳ್ಬೇಡಿ. ಹೋಗ್ತೇನೆ ಅಂತಲೇ ಹೇಳಿ."

ಅವರ ಸ್ವರ ಅಲ್ಲಿ ತಡವರಿಸಿತು. ನಮ್ಮಲ್ಲಿ ಮನೆಯಿಂದ ಹೊರಡುವವರು ಯಾರೂ ಹೋಗ್ತೇನೆ ಅನ್ನುವುದಿಲ್ಲ. ಮಕ್ಕಳು ಹಾಗೆ ಅಂದರೆ ಬಾಯಿಗೆ ಹೊಡೆದು ತಿದ್ದುತ್ತಾರೆ. ಆ ಮಾತು ಕೇಳಿಕೊಳ್ಳುವುದು ಅವರಿಗೂ ಸುಲಭವಿರಲಿಲ್ಲ.

ಶೋಧನ್ ಅಂಗಳದ ನಡುವೆ ಬಂದು ನಿಂತ. ನೆತ್ತಿಯ ಮೇಲೆ ಸೂರ್ಯ, ಎದುರಿಗೆ ಬೋಳು ಮರಗಳು, ಅವುಗಳ ನಡುವೆ ಬಂಡೆಯ ಒಂದು ಬದಿ. ಸತ್ತವರ ಎದುರು ಮಿಷನ್ ಇಲ್ಲದೆ ನಿಂತದ್ದು ಅವನಿಗೆ ಅದೇ ಮೊದಲು. ಕೈ ಎಲ್ಲಿಡುವುದೆಂದು ತಿಳಿಯದೆ ಜೇಬಿನಲ್ಲಿ ಹಾಕಿ ಮತ್ತೆ ಹೊರತೆಗೆದ.

"ಡೊಂಬಯ್ಯಣ್ಣಾ!" ಎಂದು ಕೂಗಿದ. "ನಾನು ಫರಂಗಿಪೇಟೆಯ ಶೋಧನ್. ಕ್ಯಾಮೆರಾದವ. ಆ ದಿನ ಕೂ ಹಾಕಿದ್ದು ನಾನು, ತಪ್ಪು ತಿಳ್ಕೊಳ್ಬೇಡಿ. ನಾನು ಹೋಗ್ತೇನೆ." ಮತ್ತೆ ಸ್ವರ ಏರಿಸಿದ. "ಇನ್ನು ಬರುವುದಿಲ್ಲ. ಮನೆಯಲ್ಲಿ ಅಕ್ಕ ಒಬ್ಬರೇ ಇದ್ದಾರೆ."

ಹಿಂದಿರುಗಿ ನೋಡಿದಾಗ ವಾರಿಜಕ್ಕ ಕೈ ಮುಗಿದಿದ್ದರು. ಅವನೂ ಮುಗಿದ. ಬೈಕು ಸ್ಟಾರ್ಟ್ ಮಾಡಿ ಬೇಕೆಂದೇ ಜೋರಾಗಿ ಗುಡುಗಿಸಿದ. ಇಳಿಜಾರಿನ ತಿರುವಿಗೆ ಬಂದಾಗ, ಈಗ ಎಂಜಿನ್ ಆರಿಸಿದರೆ ತನಗೂ ಆ ಕೂ ಕೇಳೀತೋ ಏನೋ ಎಂದು ಒಂದು ಆಸೆ ಎದ್ದಿತು, ಕೀಲಿಯ ಮೇಲೆ ಬೆರಳೂ ಹೋಯಿತು. ಆರಿಸಿದರೆ ನೆಂಟ ನಿಂತ ಅಂತ ಆಗುತ್ತದೆ. ಅವನು ಬೆರಳು ತೆಗೆದ. ಕಕ್ಕಿಂಜೆ ಪೇಟೆ ಮುಟ್ಟುವವರೆಗೂ, ಹೋಗುತ್ತಿದ್ದೇನೆಂದು ಡೊಂಬಯ್ಯನಿಗೆ ಗೊತ್ತಾಗಲೆಂದು, ಖಾಲಿ ದಾರಿಯಲ್ಲಿ ಹಾರನ್ ಹಾಕುತ್ತಲೇ ಹೋದ.